ಕಂಪೈಲ್ ಆದ ಮೇಲೆ ಉಳಿಯುವ ಕಡತಗಳು: ಯಾವುದನ್ನು ಅಳಿಸಬೇಕು, ಏಕೆ ಅಳಿಸಬೇಕು?

ಒಬ್ಬ ವಿದ್ಯಾರ್ಥಿ ಗಣಿತದಲ್ಲಿ 83 ಅಂಕ ಪಡೆದಿದ್ದಾನೆ. ಉತ್ತೀರ್ಣನಾಗಲು 35 ಸಾಕು. ಆದರೆ ನೀವು ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಮ್ ಅವನನ್ನು ‘ಅನುತ್ತೀರ್ಣ’ ಎನ್ನುತ್ತಿದೆ. ಅಂಕದ ಜಾಗದಲ್ಲಿ 15 ಎಂದು ಮುದ್ರಿಸುತ್ತಿದೆ. ನೀವು ಪ್ರೋಗ್ರಾಮನ್ನು ಸಾಲು ಸಾಲಾಗಿ ಓದುತ್ತೀರಿ. ತಪ್ಪು ಕಾಣುವುದಿಲ್ಲ. ಪಕ್ಕದ ಅಧ್ಯಾಪಕರಿಗೆ ತೋರಿಸುತ್ತೀರಿ. ಅವರಿಗೂ ಕಾಣುವುದಿಲ್ಲ. ಕಂಪೈಲರ್ ಒಂದು ಎಚ್ಚರಿಕೆಯನ್ನೂ ಕೊಟ್ಟಿಲ್ಲ. ಕೊನೆಗೆ ಯಾರೋ ಒಬ್ಬರು, “ಒಮ್ಮೆ ಮೇಕ್ ಕ್ಲೀನ್ ಕೊಟ್ಟು ನೋಡಿ” ಎನ್ನುತ್ತಾರೆ. ಹಾಗೆ ಮಾಡಿ ಮತ್ತೆ ಕಂಪೈಲ್ ಮಾಡಿದರೆ 83 ಅಂಕ, ‘ಉತ್ತೀರ್ಣ’ ಎಂದು ಸರಿಯಾಗಿ ಬರುತ್ತದೆ. ಪ್ರೋಗ್ರಾಮಿನ ಒಂದು ಅಕ್ಷರವನ್ನೂ ನೀವು ಬದಲಿಸಿಲ್ಲ!

ಇದು ಮಾಯೆಯಲ್ಲ. ಹಿಂದಿನ ಸಲ ಕಂಪೈಲ್ ಮಾಡಿದಾಗ ಉಳಿದುಕೊಂಡ ಒಂದು ಕಡತದ ಕೆಲಸ. ಅಂಥ ಕಡತಗಳು ಹೇಗೆ ಹುಟ್ಟುತ್ತವೆ, ಏಕೆ ಉಳಿಯುತ್ತವೆ, ಯಾವಾಗ ಕಾಟ ಕೊಡುತ್ತವೆ, ಅವುಗಳನ್ನು ತೆಗೆಯುವ ಕ್ರಮವೇನು ಎಂಬುದನ್ನು ಇಲ್ಲಿ ನೋಡೋಣ.

ಆಕರದಿಂದ ಪ್ರೋಗ್ರಾಮಿನವರೆಗೆ

ನಾವು ಬರೆಯುವ ಸಿ ಪ್ರೋಗ್ರಾಮ್ ಕಂಪ್ಯೂಟರಿಗೆ ನೇರವಾಗಿ ಅರ್ಥವಾಗುವುದಿಲ್ಲ. ಅದು ನಾಲ್ಕು ಹಂತಗಳನ್ನು ದಾಟಬೇಕು. ಮೊದಲನೆಯದು ಪೂರ್ವ ಸಂಸ್ಕರಣ. ‘ಇನ್‌ಕ್ಲೂಡ್’ ಎಂದು ಹೇಳಿರುವ ಕಡೆಯಲ್ಲೆಲ್ಲ ಹೆಡರ್ ಕಡತಗಳ ಪಠ್ಯ ಬಂದು ಸೇರುತ್ತದೆ. ಎರಡನೆಯದು ಕಂಪೈಲ್ ಮಾಡುವುದು. ಸಿ ಭಾಷೆಯ ಸಾಲುಗಳು ಅಸೆಂಬ್ಲಿ ಭಾಷೆಗೆ ಬದಲಾಗುತ್ತವೆ. ಮೂರನೆಯ ಹಂತದಲ್ಲಿ ಅಸೆಂಬ್ಲರ್ ಅದನ್ನು ಯಂತ್ರ ಭಾಷೆಗೆ ತಿರುಗಿಸಿ ಆಬ್ಜೆಕ್ಟ್ ಕಡತವನ್ನು ಸಿದ್ಧಪಡಿಸುತ್ತದೆ. ಲಿನಕ್ಸ್ ಮತ್ತು ಯುನಿಕ್ಸ್‌ನಲ್ಲಿ ಇದರ ಹೆಸರು ‘.ಓ’ ಎಂದು ಕೊನೆಗೊಳ್ಳುತ್ತದೆ. ನಾಲ್ಕನೆಯ ಹಂತದಲ್ಲಿ ಲಿಂಕರ್ ಎಂಬ ಸಾಧನ ಎಲ್ಲ ಆಬ್ಜೆಕ್ಟ್ ಕಡತಗಳನ್ನೂ ಗ್ರಂಥಾಲಯದ ಭಾಗಗಳನ್ನೂ ಹೆಣೆದು, ಓಡಿಸಬಹುದಾದ ಒಂದು ಪ್ರೋಗ್ರಾಮ್ ಮಾಡಿಕೊಡುತ್ತದೆ.

ಮೊದಲೆರಡು ಹಂತಗಳ ಫಲವನ್ನು ಕಂಪೈಲರ್ ಸಾಮಾನ್ಯವಾಗಿ ತಾನೇ ಅಳಿಸಿಬಿಡುತ್ತದೆ. ಆದರೆ ಆಬ್ಜೆಕ್ಟ್ ಕಡತಗಳು ಡಿಸ್ಕಿನಲ್ಲಿ ಉಳಿಯುತ್ತವೆ. ಅವು ಮರೆವಿನಿಂದ ಉಳಿದದ್ದಲ್ಲ, ಬೇಕೆಂದೇ ಉಳಿಸಿಕೊಂಡದ್ದು. ಕಾರಣ, ಸಮಯ. ಲಿನಕ್ಸ್ ಕರ್ನಲ್‌ನ ಆಕರದಲ್ಲಿ ಇಂದು 3 ಕೋಟಿಗೂ ಹೆಚ್ಚು ಸಾಲುಗಳಿವೆ. ಅದರ ಒಂದು ಕಡತದಲ್ಲಿ ಒಂದು ಅಲ್ಪವಿರಾಮ ತಿದ್ದಿದ್ದಕ್ಕಾಗಿ ಇಡೀ ಕರ್ನಲನ್ನು ಮತ್ತೆ ಕಂಪೈಲ್ ಮಾಡುವುದಾದರೆ ಸಾಧಾರಣ ಕಂಪ್ಯೂಟರಿನಲ್ಲಿ ಗಂಟೆಗಳೇ ಹಿಡಿಯಬಹುದು. ಬದಲಾದ ಕಡತವನ್ನಷ್ಟೇ ಕಂಪೈಲ್ ಮಾಡಿ, ಉಳಿದವುಗಳ ಹಳೆಯ ಆಬ್ಜೆಕ್ಟ್ ಕಡತಗಳನ್ನೇ ಬಳಸಿಕೊಂಡರೆ ಕೆಲಸ ಬೇಗ ಮುಗಿಯುತ್ತದೆ.

ಹಾಗಾದರೆ ಯಾವುದು ಬದಲಾಗಿದೆ, ಯಾವುದು ಬದಲಾಗಿಲ್ಲ ಎಂದು ತೀರ್ಮಾನಿಸುವವರು ಯಾರು?

ಮೇಕ್ ಹುಟ್ಟಿದ ಬಗೆ

1976ರವರೆಗೆ ಈ ಲೆಕ್ಕವನ್ನು ಪ್ರೋಗ್ರಾಮ್ ಬರೆಯುವವರೇ ಇಟ್ಟುಕೊಳ್ಳಬೇಕಿತ್ತು. ಆ ವರ್ಷ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಸ್ಟೀವ್ ಜಾನ್ಸನ್ ಎಂಬುವರು ಒಂದು ಬೆಳಗ್ಗೆಯನ್ನು ಪೂರ್ತಿ ವ್ಯರ್ಥ ಮಾಡಿಕೊಂಡರು. ಅವರು ‘ಯಾಕ್’ ಎಂಬ ಹೆಸರಾಂತ ಸಾಧನವನ್ನು ರಚಿಸಿದವರು, ನುರಿತವರು. ತಮ್ಮ ಪ್ರೋಗ್ರಾಮಿನ ದೋಷವನ್ನು ಅವರು ಆಗಲೇ ಸರಿಪಡಿಸಿದ್ದರು. ಆದರೆ ತಿದ್ದಿದ ಕಡತವನ್ನು ಕಂಪೈಲ್ ಮಾಡುವುದು ಮರೆತುಹೋಗಿತ್ತು. ಲಿಂಕ್ ಮಾಡಿದಾಗ ಹಳೆಯ ಆಬ್ಜೆಕ್ಟ್ ಕಡತವೇ ಒಳಗೆ ಸೇರಿತು. ಸರಿಯಾಗಿದ್ದ ಪ್ರೋಗ್ರಾಮಿನಲ್ಲಿ ಅವರು ಇಲ್ಲದ ತಪ್ಪನ್ನು ಹುಡುಕುತ್ತ ಕುಳಿತಿದ್ದರು. ಈ ಗೋಳನ್ನು ಕೇಳಿಸಿಕೊಂಡ ಅವರ ಸಹೋದ್ಯೋಗಿ ಸ್ಟುವರ್ಟ್ ಫೆಲ್ಡ್‌ಮನ್ ತಾವೂ ಅದೇ ಬಗೆಯ ಪೇಚಿಗೆ ಸಿಕ್ಕವರೇ. ಆ ವಾರಾಂತ್ಯದಲ್ಲೇ ಅದಕ್ಕೊಂದು ಪರಿಹಾರ ರೂಪಿಸಲು ತೊಡಗಿದರು. ಅದೇ ‘ಮೇಕ್’. ಈ ಕೆಲಸಕ್ಕಾಗಿ ಅವರಿಗೆ 2003ನೇ ಸಾಲಿನ ಎಸಿಎಂ ತಂತ್ರಾಂಶ ವ್ಯವಸ್ಥೆ ಪ್ರಶಸ್ತಿ ದೊರೆಯಿತು. ಇಂದು ಲಿನಕ್ಸ್‌ನಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ರಿಚರ್ಡ್ ಸ್ಟಾಲ್‌ಮನ್ ಮತ್ತು ರೋಲಂಡ್ ಮೆಗ್ರಾಥ್ ಬರೆದ ‘ಗ್ನು ಮೇಕ್’.

ಮೇಕ್‌ನ ತತ್ತ್ವ ಬಹಳ ಸರಳ. ‘ಮೇಕ್‌ಫೈಲ್’ ಎಂಬ ಕಡತದಲ್ಲಿ ನಾವು ನಿಯಮಗಳನ್ನು ಬರೆದಿಡುತ್ತೇವೆ. ಒಂದೊಂದು ನಿಯಮದಲ್ಲಿ ಮೂರು ಸಂಗತಿಗಳು: ಯಾವ ಕಡತ ತಯಾರಾಗಬೇಕು, ಅದು ಯಾವ ಯಾವ ಕಡತಗಳನ್ನು ಅವಲಂಬಿಸಿದೆ, ತಯಾರಿಸಲು ಯಾವ ಆದೇಶ ಕೊಡಬೇಕು. ಮೇಕ್ ಎಲ್ಲ ಕಡತಗಳ ‘ಕೊನೆಯ ಬಾರಿ ಬದಲಾದ ಸಮಯ’ವನ್ನು ನೋಡುತ್ತದೆ. ಅವಲಂಬಿತ ಕಡತವು ತನ್ನ ಆಕರಕ್ಕಿಂತ ಹಳೆಯದಾಗಿದ್ದರೆ ಆದೇಶವನ್ನು ನಡೆಸುತ್ತದೆ. ಹೊಸದಾಗಿದ್ದರೆ ಸುಮ್ಮನಿರುತ್ತದೆ.

ಇಲ್ಲಿ ಒಂದು ಮಾತನ್ನು ಚೆನ್ನಾಗಿ ಗಮನಿಸಿ. ಮೇಕ್ ಕಡತದ ಒಳಗೆ ಏನಿದೆ ಎಂದು ನೋಡುವುದಿಲ್ಲ. ಅದಕ್ಕೆ ಗೊತ್ತಿರುವುದು ಎರಡೇ: ನಾವು ಬರೆದುಕೊಟ್ಟ ಅವಲಂಬನೆಯ ಪಟ್ಟಿ ಮತ್ತು ಗಡಿಯಾರದ ಸಮಯ. ಇವೆರಡರಲ್ಲಿ ಯಾವುದು ತಪ್ಪಿದರೂ ಹಳೆಯ ಕಡತ ಹೊಸದರ ವೇಷದಲ್ಲಿ ಒಳಗೆ ಬರುತ್ತದೆ.

83 ಅಂಕ 15 ಆದದ್ದು ಹೇಗೆ?

ಈಗ ಮೊದಲಿನ ಉದಾಹರಣೆಗೆ ಬರೋಣ. ಅದರಲ್ಲಿ ಮೂರು ಕಡತಗಳಿವೆ ಎಂದುಕೊಳ್ಳಿ. ‘ವಿದ್ಯಾರ್ಥಿ.ಎಚ್’ ಎಂಬ ಹೆಡರ್ ಕಡತದಲ್ಲಿ ವಿದ್ಯಾರ್ಥಿಯ ವಿವರಗಳ ವಿನ್ಯಾಸವಿದೆ: ಮೊದಲು ಕ್ರಮಸಂಖ್ಯೆ, ನಂತರ ಅಂಕ. ಎರಡೂ ಪೂರ್ಣಾಂಕಗಳು, ಒಂದೊಂದಕ್ಕೂ 4 ಬೈಟ್. ‘ಮುಖ್ಯ.ಸಿ’ ವಿವರಗಳನ್ನು ತುಂಬಿ ‘ಫಲಿತಾಂಶ.ಸಿ’ಯಲ್ಲಿರುವ ಫಂಕ್ಷನ್ನಿಗೆ ಕೊಡುತ್ತದೆ. ಆ ಫಂಕ್ಷನ್ ಅಂಕವನ್ನು 35ರೊಡನೆ ಹೋಲಿಸಿ ಫಲಿತಾಂಶ ಮುದ್ರಿಸುತ್ತದೆ. ಎರಡು ಸಿ ಕಡತಗಳೂ ಹೆಡರನ್ನು ಒಳಗೊಳ್ಳುತ್ತವೆ.

ಕಂಪೈಲ್ ಮಾಡುವಾಗ ‘ಅಂಕ’ ಎಂಬ ಹೆಸರು ಮಾಯವಾಗಿ ಅದರ ಜಾಗದಲ್ಲಿ ಒಂದು ದೂರ ಮಾತ್ರ ಉಳಿಯುತ್ತದೆ. ‘ಆರಂಭದಿಂದ 4 ಬೈಟ್ ಮುಂದೆ ಇರುವ ಸಂಖ್ಯೆಯನ್ನು ಓದು’ ಎಂಬುದೇ ಫಲಿತಾಂಶದ ಆಬ್ಜೆಕ್ಟ್ ಕಡತದಲ್ಲಿ ಬರೆದಿರುವುದು.

ಮರುದಿನ ನೀವು ಹೆಡರಿನಲ್ಲಿ ಕ್ರಮಸಂಖ್ಯೆ ಮತ್ತು ಅಂಕದ ನಡುವೆ ‘ವಯಸ್ಸು’ ಎಂಬ ಇನ್ನೊಂದು ಪೂರ್ಣಾಂಕವನ್ನು ಸೇರಿಸುತ್ತೀರಿ. ವಯಸ್ಸನ್ನು ತುಂಬಲು ‘ಮುಖ್ಯ.ಸಿ’ಯನ್ನು ತಿದ್ದುತ್ತೀರಿ. ‘ಫಲಿತಾಂಶ.ಸಿ’ಯಲ್ಲಿ ತಿದ್ದುವಂಥದ್ದೇನೂ ಇಲ್ಲ. ಈಗ ಮೇಕ್ ಕೊಟ್ಟರೆ ಏನಾಗುತ್ತದೆ? ನಿಮ್ಮ ಮೇಕ್‌ಫೈಲಿನಲ್ಲಿ ಒಂದೊಂದು ಆಬ್ಜೆಕ್ಟ್ ಕಡತವೂ ತನ್ನ ಸಿ ಕಡತವನ್ನು ಅವಲಂಬಿಸಿದೆ ಎಂದಷ್ಟೇ ಬರೆದಿದೆ. ಹೆಡರಿನ ಹೆಸರು ಇಲ್ಲ. ಆದ್ದರಿಂದ ‘ಮುಖ್ಯ.ಸಿ’ ಮಾತ್ರ ಮತ್ತೆ ಕಂಪೈಲ್ ಆಗುತ್ತದೆ. ಹೊಸ ‘ಮುಖ್ಯ’ವು ವಯಸ್ಸು 15ನ್ನು 4ನೇ ಬೈಟಿನಿಂದಲೂ, ಅಂಕ 83ನ್ನು 8ನೇ ಬೈಟಿನಿಂದಲೂ ಇಡುತ್ತದೆ. ಹಳೆಯ ‘ಫಲಿತಾಂಶ’ವು 4ನೇ ಬೈಟಿನಿಂದಲೇ ಅಂಕವನ್ನು ಓದುತ್ತದೆ. ಅಲ್ಲಿ ಸಿಗುವುದು 15. ಹದಿನೈದು ಮೂವತ್ತೈದಕ್ಕಿಂತ ಕಡಿಮೆ. ಹುಡುಗ ಅನುತ್ತೀರ್ಣ!

ಲಿಂಕರ್ ಇದನ್ನು ಹಿಡಿಯಬಾರದೇ ಎಂದು ನೀವು ಕೇಳಬಹುದು. ಸಿ ಭಾಷೆಯಲ್ಲಿ ಲಿಂಕರ್ ನೋಡುವುದು ಫಂಕ್ಷನ್ನಿನ ಹೆಸರು ಹೊಂದುತ್ತದೆಯೇ ಎಂಬುದನ್ನು ಮಾತ್ರ. ಅದರೊಳಗೆ ಹೋಗುವ ದತ್ತಾಂಶದ ವಿನ್ಯಾಸ ಎರಡೂ ಕಡೆ ಒಂದೇ ಆಗಿದೆಯೇ ಎಂದು ಅದು ಪರೀಕ್ಷಿಸುವುದಿಲ್ಲ. ಹಾಗಾಗಿ ದೋಷ ಸದ್ದಿಲ್ಲದೆ ನುಸುಳುತ್ತದೆ. ಪ್ರೋಗ್ರಾಮ್ ಅರ್ಧಕ್ಕೆ ನಿಂತಿದ್ದರೆ ನಮಗೆ ಗೊತ್ತಾಗುತ್ತಿತ್ತು. ನಿಲ್ಲದೆ ತಪ್ಪು ಉತ್ತರ ಕೊಡುವುದೇ ಹೆಚ್ಚು ಅಪಾಯ.

ಗಡಿಯಾರ ಸುಳ್ಳು ಹೇಳಿದಾಗ

ಪಟ್ಟಿ ಸರಿಯಿದ್ದರೂ ಸಮಯ ಕೈಕೊಡಬಹುದು. ಶಾಲಾ ಕಾಲೇಜುಗಳ ಹಳೆಯ ಕಂಪ್ಯೂಟರುಗಳಲ್ಲಿ ಇದು ಅಪರೂಪವಲ್ಲ. ಮದರ್‌ಬೋರ್ಡಿನ ಮೇಲೆ ನಾಣ್ಯದಂಥ ಒಂದು ಬ್ಯಾಟರಿ ಇರುತ್ತದೆ. ಅದು ಮುಗಿದರೆ, ವಿದ್ಯುತ್ ನಿಂತಾಗಲೆಲ್ಲ ಗಡಿಯಾರ ಹಲವು ವರ್ಷ ಹಿಂದಕ್ಕೆ ಹೋಗಿ ನಿಲ್ಲುತ್ತದೆ. ಇಂಟರ್ನೆಟ್ ಸಂಪರ್ಕವಿದ್ದರೆ ಸಮಯ ತಾನಾಗಿ ಸರಿಹೋಗಬಹುದು. ಇಲ್ಲದಿದ್ದರೆ ಹಾಗೆಯೇ ಉಳಿಯುತ್ತದೆ. ಇಂಥ ಕಂಪ್ಯೂಟರಿನಲ್ಲಿ ಇಂದು ತಿದ್ದಿದ ಆಕರ ಕಡತಕ್ಕೆ ಹಳೆಯ ದಿನಾಂಕ ಬೀಳುತ್ತದೆ. ಕಳೆದ ವಾರ ಗಡಿಯಾರ ಸರಿಯಿದ್ದಾಗ ತಯಾರಾದ ಆಬ್ಜೆಕ್ಟ್ ಕಡತ ಅದಕ್ಕಿಂತ ಹೊಸದೆಂದು ಕಾಣುತ್ತದೆ. ಮೇಕ್ ‘ಮಾಡಬೇಕಾದದ್ದು ಏನೂ ಇಲ್ಲ’ ಎಂದು ಕೈಕಟ್ಟಿ ಕೂರುತ್ತದೆ. ನಿಮ್ಮ ತಿದ್ದುಪಡಿ ಪ್ರೋಗ್ರಾಮಿಗೆ ತಲುಪುವುದೇ ಇಲ್ಲ.

ಇದಕ್ಕೆ ವಿರುದ್ಧವಾದದ್ದೂ ಉಂಟು. ಬೇರೆ ಕಂಪ್ಯೂಟರಿನಿಂದ ತಂದ ಕಡತಕ್ಕೆ ಮುಂದಿನ ದಿನಾಂಕವಿದ್ದರೆ ಗ್ನು ಮೇಕ್ ‘ಗಡಿಯಾರದಲ್ಲಿ ವ್ಯತ್ಯಾಸವಿದೆ, ನಿರ್ಮಾಣ ಅಪೂರ್ಣವಾಗಿರಬಹುದು’ ಎಂಬ ಅರ್ಥದ ಎಚ್ಚರಿಕೆ ಕೊಡುತ್ತದೆ. ಈ ಎಚ್ಚರಿಕೆಯನ್ನು ಕಡೆಗಣಿಸಬೇಡಿ.

ಮೂರನೆಯ ಸನ್ನಿವೇಶ ಇನ್ನೂ ಸೂಕ್ಷ್ಮ. ಹೊಸ ತಿದ್ದುಪಡಿ ಬೇಡವೆಂದು ನೀವು ಹಿಂದೆ ಕಟ್ಟಿಟ್ಟಿದ್ದ ಟಾರ್ ಕಡತದಿಂದ ಹಳೆಯ ಆಕರವನ್ನು ಹೊರತೆಗೆಯುತ್ತೀರಿ. ಟಾರ್ ಮೂಲ ದಿನಾಂಕವನ್ನು ಹಾಗೆಯೇ ಕಾಪಾಡುತ್ತದೆ. ಆಕರ ಬದಲಾಯಿತು, ಆದರೆ ಅದರ ದಿನಾಂಕ ಆಬ್ಜೆಕ್ಟ್ ಕಡತಕ್ಕಿಂತ ಹಿಂದಿನದು. ಇಲ್ಲಿಯೂ ಮೇಕ್ ಮೋಸಹೋಗುತ್ತದೆ.

ಇವಲ್ಲದೆ ಕಂಪೈಲರಿಗೆ ಕೊಡುವ ಆಯ್ಕೆಗಳನ್ನು ಬದಲಿಸಿದಾಗ, ಕಂಪೈಲರನ್ನೇ ಹೊಸ ಆವೃತ್ತಿಗೆ ಏರಿಸಿದಾಗ, ಬೇರೆ ಬಗೆಯ ಪ್ರೊಸೆಸರಿಗಾಗಿ ಕಂಪೈಲ್ ಮಾಡುವಾಗ ಕೂಡ ಆಕರದ ದಿನಾಂಕ ಬದಲಾಗುವುದಿಲ್ಲ. ಹಳೆಯ ಆಬ್ಜೆಕ್ಟ್ ಕಡತಗಳನ್ನು ತೆಗೆಯದಿದ್ದರೆ ಅರ್ಧ ಹಳತು ಅರ್ಧ ಹೊಸತು ಕೂಡಿದ ಪ್ರೋಗ್ರಾಮ್ ಸಿದ್ಧವಾಗುತ್ತದೆ.

ತೊಳೆಯುವ ಹಂತಗಳು

ಇಂಥ ಸಂದರ್ಭಗಳಿಗಾಗಿಯೇ ಮೇಕ್‌ಫೈಲುಗಳಲ್ಲಿ ‘ಕ್ಲೀನ್’ ಎಂಬ ಗುರಿಯನ್ನು ಬರೆಯುವ ರೂಢಿ ಬೆಳೆಯಿತು. ನೆನಪಿಡಿ, ಕ್ಲೀನ್ ಎಂಬುದು ಮೇಕ್‌ನ ಸ್ವಂತ ಶಕ್ತಿಯಲ್ಲ. ಮೇಕ್‌ಫೈಲ್ ಬರೆದವರು ಯಾವ ಕಡತಗಳನ್ನು ಅಳಿಸಲು ಹೇಳಿದ್ದಾರೋ ಅವನ್ನಷ್ಟೇ ಅದು ಅಳಿಸುತ್ತದೆ. ಗ್ನು ಯೋಜನೆಯ ಪದ್ಧತಿಯಲ್ಲಿ ಇದಕ್ಕೆ ನಾಲ್ಕು ಹಂತಗಳಿವೆ.

1. ‘ಮೋಸ್ಟ್ಲಿಕ್ಲೀನ್’: ಬಹುಪಾಲನ್ನು ಅಳಿಸಿ, ಮತ್ತೆ ತಯಾರಿಸಲು ಬಹಳ ಹೊತ್ತು ಹಿಡಿಯುವ, ಅಪರೂಪಕ್ಕೆ ಬದಲಾಗುವ ಕೆಲವನ್ನು ಬಿಡುತ್ತದೆ.

2. ‘ಕ್ಲೀನ್’: ಮೇಕ್ ಕೊಟ್ಟಾಗ ಹುಟ್ಟಿದ ಕಡತಗಳನ್ನು, ಅಂದರೆ ಆಬ್ಜೆಕ್ಟ್ ಕಡತಗಳು ಮತ್ತು ಪ್ರೋಗ್ರಾಮನ್ನು, ಅಳಿಸುತ್ತದೆ. ನಿಮ್ಮ ಕಂಪ್ಯೂಟರಿಗೆ ತಕ್ಕಂತೆ ಮಾಡಿಕೊಂಡ ಹೊಂದಾಣಿಕೆಗಳು ಉಳಿಯುತ್ತವೆ.

3. ‘ಡಿಸ್ಟ್‌ಕ್ಲೀನ್’: ಹೊಂದಾಣಿಕೆಯ ಕಡತಗಳನ್ನೂ ತೆಗೆಯುತ್ತದೆ. ‘ಕಾನ್ಫಿಗರ್’ ಎಂಬ ಆದೇಶ ಸೃಷ್ಟಿಸಿದ್ದ ಮೇಕ್‌ಫೈಲ್ ಕೂಡ ಹೋಗುತ್ತದೆ. ಆಕರವನ್ನು ಮೊದಲು ಬಿಚ್ಚಿದಾಗ ಹೇಗಿತ್ತೋ ಆ ಸ್ಥಿತಿಗೆ ಮರಳುತ್ತೀರಿ.

4. ‘ಮೇಂಟೇನರ್-ಕ್ಲೀನ್’: ಬೈಸನ್‌ನಂಥ ವಿಶೇಷ ಸಾಧನಗಳು ಬರೆದುಕೊಟ್ಟ ಕಡತಗಳನ್ನೂ ಅಳಿಸುತ್ತದೆ. ಇದು ತಂತ್ರಾಂಶವನ್ನು ನಿರ್ವಹಿಸುವವರಿಗಾಗಿ. ಆ ಸಾಧನಗಳು ನಿಮ್ಮಲ್ಲಿಲ್ಲದಿದ್ದರೆ ಮತ್ತೆ ಕಂಪೈಲ್ ಮಾಡಲಾಗದು.

ಲಿನಕ್ಸ್ ಕರ್ನಲ್ಲಿನಲ್ಲಿ ‘ಕ್ಲೀನ್’ ಮತ್ತು ‘ಡಿಸ್ಟ್‌ಕ್ಲೀನ್’ಗಳ ನಡುವೆ ‘ಮಿಸ್ಟರ್‌ಪ್ರಾಪರ್’ ಎಂಬ ಗುರಿಯಿದೆ. ಇದು ಯೂರೋಪಿನ ಹಲವು ದೇಶಗಳಲ್ಲಿ ಮಾರಾಟವಾಗುವ ನೆಲ ತೊಳೆಯುವ ದ್ರವವೊಂದರ ಹೆಸರು. ಹೆಸರು ತಮಾಷೆಯದಾದರೂ ಕೆಲಸ ತಮಾಷೆಯಲ್ಲ. ನೂರಾರು ಪ್ರಶ್ನೆಗಳಿಗೆ ಉತ್ತರಿಸಿ ನೀವು ಸಿದ್ಧಪಡಿಸಿದ್ದ ‘.ಕಾನ್ಫಿಗ್’ ಕಡತವನ್ನೂ ಅದು ಅಳಿಸುತ್ತದೆ. ಮೊದಲು ಅದರ ಪ್ರತಿಯನ್ನು ಬೇರೆಡೆ ಇಟ್ಟುಕೊಳ್ಳಿ.

ಇನ್ನೊಂದು ವಿಷಯದಲ್ಲಿ ಹಲವರು ಎಡವುತ್ತಾರೆ. ‘ಮೇಕ್ ಇನ್‌ಸ್ಟಾಲ್’ ಕೊಟ್ಟು ಕಂಪ್ಯೂಟರಿನಲ್ಲಿ ಅಳವಡಿಸಿದ ಕಡತಗಳನ್ನು ಕ್ಲೀನ್ ಮುಟ್ಟುವುದಿಲ್ಲ. ಅವುಗಳಿಗೆ ‘ಮೇಕ್ ಅನ್‌ಇನ್‌ಸ್ಟಾಲ್’ ಬೇಕು, ಅದೂ ಮೇಕ್‌ಫೈಲಿನಲ್ಲಿ ಬರೆದಿದ್ದರೆ ಮಾತ್ರ. ಆಕರದ ಕಡತಕೋಶವನ್ನು ಪೂರ್ತಿ ಅಳಿಸಿಬಿಟ್ಟರೆ ಆ ದಾರಿಯೂ ಮುಚ್ಚುತ್ತದೆ. ಹಾಗೆಯೇ ಕಂಪೈಲ್ ಮಾಡುವ ಕೆಲಸವನ್ನು ಸಾಮಾನ್ಯ ಬಳಕೆದಾರರಾಗಿಯೇ ಮಾಡಿ. ಅಳವಡಿಸುವಾಗ ಮಾತ್ರ ‘ರೂಟ್’ ಅಧಿಕಾರ ಬಳಸಿ. ರೂಟ್ ಹೆಸರಿನಲ್ಲಿ ಹುಟ್ಟಿದ ಕಡತಕೋಶಗಳೊಳಗಿನದನ್ನು ಆಮೇಲೆ ನೀವು ಸಾಮಾನ್ಯ ಬಳಕೆದಾರರಾಗಿ ತೊಳೆಯಲು ಹೋದರೆ ಅನುಮತಿ ಸಿಗುವುದಿಲ್ಲ.

ತೊಳೆಯುವಾಗ ಎಚ್ಚರ

ಅಳಿಸುವ ಆದೇಶಕ್ಕೆ ಕಣ್ಣಿಲ್ಲ. 2011ರಲ್ಲಿ ಲ್ಯಾಪ್‌ಟಾಪ್‌ಗಳ ಗ್ರಾಫಿಕ್ಸ್ ಕಾರ್ಡಿಗೆ ಸಂಬಂಧಿಸಿದ ‘ಬಂಬಲ್‌ಬೀ’ ಎಂಬ ಮುಕ್ತ ತಂತ್ರಾಂಶದ ಅಳವಡಿಕೆಯ ಕ್ರಮವಿಧಿಯಲ್ಲಿ ‘/ಯುಎಸ್‌ಆರ್’ ಎಂಬುದರ ಮುಂದೆ ಒಂದು ಖಾಲಿ ಜಾಗ ಹೆಚ್ಚಾಗಿ ಬಿದ್ದಿತ್ತು. ಒಳಗಿನ ಒಂದು ಸಣ್ಣ ಕಡತಕೋಶ ಅಳಿಯಬೇಕಾಗಿದ್ದಲ್ಲಿ ಕಂಪ್ಯೂಟರಿನ ಬಹುಪಾಲು ತಂತ್ರಾಂಶವಿರುವ ‘/ಯುಎಸ್‌ಆರ್’ ಕೋಶವನ್ನೇ ಅಳಿಸುವ ಆದೇಶ ಅದಾಯಿತು. ಒಂದು ಖಾಲಿ ಜಾಗದ ಬೆಲೆ ಅಷ್ಟು! ನಿಮ್ಮ ಮೇಕ್‌ಫೈಲಿನಲ್ಲಿ ‘ಆರ್‌ಎಂ -ಆರ್‌ಎಫ್’ ಆದೇಶದ ಮುಂದೆ ಚರಾಕ್ಷರವನ್ನು ಬಳಸಿದ್ದರೆ, ಅದು ಖಾಲಿಯಾಗಿದ್ದಾಗ ಏನಾಗುತ್ತದೆ ಎಂದು ಮೊದಲೇ ಯೋಚಿಸಿ. ಅಳಿಸಬೇಕಾದ ಕಡತಗಳನ್ನು ಹೆಸರಿಸಿ ಬರೆಯುವುದೇ ಕ್ಷೇಮ. ‘ಮೇಕ್ -ಎನ್ ಕ್ಲೀನ್’ ಎಂದು ಕೊಟ್ಟರೆ ಮೇಕ್ ಆದೇಶಗಳನ್ನು ನಡೆಸದೆ ತೋರಿಸುತ್ತದೆ. ಅಪರಿಚಿತ ಮೇಕ್‌ಫೈಲಿನಲ್ಲಿ ಮೊದಲು ಇದನ್ನು ಓದಿ ನೋಡಿ.

ಆವೃತ್ತಿಗಳನ್ನು ಕಾಯುವ ‘ಗಿಟ್’ ಬಳಸುವವರಿಗೆ ‘ಗಿಟ್ ಕ್ಲೀನ್’ ಎಂಬ ಆದೇಶವೂ ಗೊತ್ತಿರುತ್ತದೆ. ಗಿಟ್‌ನ ಲೆಕ್ಕಕ್ಕೆ ಸೇರದ ಕಡತಗಳನ್ನೆಲ್ಲ ಅದು ಅಳಿಸುತ್ತದೆ. ನಿನ್ನೆ ರಾತ್ರಿ ಬರೆದು ಇನ್ನೂ ಲೆಕ್ಕಕ್ಕೆ ಸೇರಿಸದ ಹೊಸ ಆಕರ ಕಡತವೂ ಅದರ ಕಣ್ಣಿಗೆ ಕಸವೇ. ಅಲ್ಲಿಯೂ ‘-ಎನ್’ ಆಯ್ಕೆಯನ್ನು ಮೊದಲು ಕೊಟ್ಟು, ಯಾವುದು ಹೋಗಲಿದೆ ಎಂದು ನೋಡಿಯೇ ಮುಂದುವರಿಯಿರಿ.

ಒಂದು ಚಿಕ್ಕ ಸ್ವಾರಸ್ಯ: ನಿಮ್ಮ ಕೋಶದಲ್ಲಿ ‘ಕ್ಲೀನ್’ ಎಂಬ ಹೆಸರಿನ ಕಡತ ಇದ್ದುಬಿಟ್ಟರೆ ಮೇಕ್ ಕ್ಲೀನ್ ಕೆಲಸ ಮಾಡುವುದಿಲ್ಲ. ಮೇಕ್‌ಗೆ ಗುರಿ ಎಂದರೆ ಕಡತ. ಆ ಕಡತ ಇದೆ, ಅದು ಯಾವುದನ್ನೂ ಅವಲಂಬಿಸಿಲ್ಲ, ಆದ್ದರಿಂದ ಮಾಡುವ ಕೆಲಸವಿಲ್ಲ ಎಂಬುದು ಅದರ ತರ್ಕ. ಕ್ಲೀನ್ ಕಡತವಲ್ಲ, ಬರೀ ಹೆಸರು ಎಂದು ತಿಳಿಸಲು ಮೇಕ್‌ಫೈಲಿನಲ್ಲಿ ‘.ಫೋನಿ’ ಎಂಬ ಸಾಲಿನಲ್ಲಿ ಅದನ್ನು ನಮೂದಿಸಬೇಕು.

ಕಸ ಹರಡದಂತೆ ಮಾಡುವುದು

ತೊಳೆಯುವುದಕ್ಕಿಂತ ಕಸವನ್ನು ಒಂದೇ ಕಡೆ ಹಾಕುವುದು ಜಾಣತನ. ಆಕರ ಒಂದು ಕೋಶದಲ್ಲಿರಲಿ, ಕಂಪೈಲ್ ಮಾಡಿ ಬಂದದ್ದೆಲ್ಲ ಬೇರೊಂದು ಕೋಶದಲ್ಲಿರಲಿ. ಆಗ ತೊಳೆಯುವುದೆಂದರೆ ಆ ಎರಡನೆಯ ಕೋಶವನ್ನು ಅಳಿಸುವುದು, ಅಷ್ಟೆ. ಆಕರಕ್ಕೆ ಧಕ್ಕೆಯಾಗುವ ಭಯವಿಲ್ಲ. ‘ಸಿಮೇಕ್’ ಬಳಸುವವರು ಈ ಪದ್ಧತಿಯನ್ನೇ ಅನುಸರಿಸುತ್ತಾರೆ.

ಸಮಯದ ಮೇಲಿನ ಅವಲಂಬನೆಯನ್ನು ತಪ್ಪಿಸುವ ದಾರಿಗಳೂ ಇವೆ. ಆಂಡ್ರ್ಯೂ ಟ್ರಿಡ್ಜೆಲ್ ಬರೆದ ‘ಸಿಕ್ಯಾಶ್’ ಕಡತದ ದಿನಾಂಕದ ಬದಲು ಅದರ ಒಳಗಿನ ಪಠ್ಯ ಮತ್ತು ಕಂಪೈಲರಿನ ಆಯ್ಕೆಗಳಿಂದ ಒಂದು ಗುರುತು ಸಂಖ್ಯೆಯನ್ನು ಲೆಕ್ಕ ಹಾಕುತ್ತದೆ. ಅದೇ ಸಂಖ್ಯೆ ಹಿಂದೆ ಬಂದಿದ್ದರೆ ಆಗ ಕೂಡಿಟ್ಟ ಫಲವನ್ನೇ ಕೊಡುತ್ತದೆ. ಹೀಗಾಗಿ ಕ್ಲೀನ್ ಕೊಟ್ಟ ಮೇಲೂ ಮರು ಕಂಪೈಲ್ ಬೇಗ ಮುಗಿಯುತ್ತದೆ.

ತರಗತಿಯಲ್ಲಿ ಮಾಡಿ ನೋಡಿ

ಅಧ್ಯಾಪಕರು ಈ ಪ್ರಯೋಗವನ್ನು ಒಂದು ಅವಧಿಯಲ್ಲಿ ಮಾಡಿಸಬಹುದು. ಮೇಲೆ ಹೇಳಿದ ಮೂರು ಕಡತಗಳನ್ನು ವಿದ್ಯಾರ್ಥಿಗಳಿಂದ ಬರೆಸಿ. ಕಡತಗಳ ಹೆಸರನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಕೊಡಿಸಿ. ಮೇಕ್‌ಫೈಲಿನಲ್ಲಿ ಹೆಡರನ್ನು ಬೇಕೆಂದೇ ಬಿಡಿಸಿ. ಮೊದಲು ಕಂಪೈಲ್ ಮಾಡಿ ಸರಿಯುತ್ತರ ಬರುವುದನ್ನು ನೋಡಲಿ. ನಂತರ ಹೆಡರಿನಲ್ಲಿ ವಯಸ್ಸನ್ನು ನಡುವೆ ಸೇರಿಸಿ, ‘ಮುಖ್ಯ’ವನ್ನು ತಿದ್ದಿ, ಮೇಕ್ ಕೊಡಲಿ. ತಪ್ಪುತ್ತರ ಬಂದಾಗ ಕಾರಣ ಹುಡುಕಲು ಹತ್ತು ನಿಮಿಷ ಬಿಡಿ. ಕೂಡಲೇ ಉತ್ತರ ಹೇಳಬೇಡಿ. ‘ಎಲ್‌ಎಸ್ -ಎಲ್’ ಆದೇಶದಿಂದ ಕಡತಗಳ ಸಮಯವನ್ನು ಹೋಲಿಸಲು ಸೂಚಿಸಿ. ಹಳೆಯ ಸಮಯದ ಆಬ್ಜೆಕ್ಟ್ ಕಡತ ಅವರ ಕಣ್ಣಿಗೇ ಬೀಳುತ್ತದೆ.

ಕೊನೆಯದಾಗಿ ಒಂದು ಮಾತು. ಮೇಕ್ ಕ್ಲೀನ್ ಕೊಟ್ಟಾಗ ದೋಷ ಮಾಯವಾದರೆ ಅಲ್ಲಿಗೇ ನಿಲ್ಲಬೇಡಿ. ಜ್ವರದ ಮಾತ್ರೆ ನುಂಗಿ ಜ್ವರ ಇಳಿದಂತೆ ಅದು. ಜ್ವರದ ಕಾರಣ ಒಳಗೇ ಇರುತ್ತದೆ. ಕ್ಲೀನ್‌ನಿಂದ ಉತ್ತರ ಬದಲಾಯಿತೆಂದರೆ ನಿಮ್ಮ ಅವಲಂಬನೆಯ ಪಟ್ಟಿ ಅಪೂರ್ಣ ಅಥವಾ ಸಮಯ ತಪ್ಪಾಗಿದೆ ಎಂದರ್ಥ. ನಮ್ಮ ಉದಾಹರಣೆಯಲ್ಲಿ ಎರಡೂ ನಿಯಮಗಳಿಗೆ ಹೆಡರಿನ ಹೆಸರನ್ನು ಸೇರಿಸಿದರೆ ಸಾಕು. ದೊಡ್ಡ ಪ್ರೋಗ್ರಾಮಿನಲ್ಲಿ ಕೈಯಿಂದ ಬರೆಯುವುದು ಕಷ್ಟ. ಆಗ ಜಿಸಿಸಿ ಕಂಪೈಲರಿಗೆ ‘-ಎಂಎಂಡಿ’ ಎಂಬ ಆಯ್ಕೆ ಕೊಡಿ. ಯಾವ ಕಡತ ಯಾವ ಹೆಡರನ್ನು ಅವಲಂಬಿಸಿದೆ ಎಂಬ ಪಟ್ಟಿಯನ್ನು ಅದು ‘.ಡಿ’ ಎಂದು ಕೊನೆಗೊಳ್ಳುವ ಕಡತಗಳಲ್ಲಿ ಬರೆದಿಡುತ್ತದೆ. ಅವನ್ನು ಮೇಕ್‌ಫೈಲಿನೊಳಗೆ ಸೇರಿಸಿಕೊಂಡರಾಯಿತು. ಹಾಗೆ ಮಾಡಿದ ಮೇಲೆ ಹೆಡರನ್ನು ಮತ್ತೊಮ್ಮೆ ಬದಲಿಸಿ, ಕ್ಲೀನ್ ಕೊಡದೆಯೇ ಮೇಕ್ ಕೊಡಿ. ಎರಡು ಕಡತಗಳೂ ತಾವಾಗಿಯೇ ಕಂಪೈಲ್ ಆಗುತ್ತವೆ, ಆ ಹುಡುಗನ 83 ಅಂಕ 83 ಆಗಿಯೇ ಉಳಿಯುತ್ತದೆ.